ಹೊಳೆವ್ವನ ಬೆರಳು

ಸಿದಿಗೆ ಹೊತ್ತ ನಾಲ್ವರೂ ಒಮ್ಮೆಲೇ ನಿಂತರು. ಹಿಂದಿದ್ದವರು ಒಬ್ಬರ ಬೆನ್ನಿಗೊಬ್ಬರು ಹಾಯ್ದರು. ಹಲಗೆ ಬಾರಿಸುತ್ತಿದ್ದ ಕೈ ಇನ್ನೊಂದೆರಡು ಪೆಟ್ಟು ಹಾಕಿ ತಾನೇ ಸುಮ್ಮನಾಯಿತು.

ಬದುವಿನ ಹಾದಿಗೆ ಅಡ್ಡಲಾಗಿ ಚಕ್ಕಡಿ ನಿಂತಿತ್ತು. ಎತ್ತು ಹೂಡಿರಲಿಲ್ಲ. ನೊಗ ನೆಲಕ್ಕೂರಿತ್ತು, ಗಾಲಿಗಳಿಗೆ ಕಲ್ಲು ಕೊಟ್ಟಿತ್ತು. ಮರೆತು ಬಿಟ್ಟುಹೋದ ಚಕ್ಕಡಿಯಲ್ಲ ಅದು.

ಅದರ ಮೂಕಿಯ ಮೇಲೆ ಅಂದಾನೆಪ್ಪ ಕುಳಿತಿದ್ದ. ಹೊಲ ಅವನದು, ಬದು ಅವನದು, ಬದುವಿನ ತುದಿಗಿರುವ ಬನ್ನಿ ಮರವೂ ಅವನದೇ. ಬನ್ನಿಯ ಬುಡಕ್ಕೆ ಕಟ್ಟೆ, ಕಟ್ಟೆಯ ಮೇಲೆ ಹೊಳೆವ್ವ ಎಂದು ಊರೆಲ್ಲ ಕೈಮುಗಿಯುವ ಕೆಂಪು ಕಲ್ಲು.

"ಇಲ್ಲೆ ಹಾದು ಹೋಗಾಕ ಬರೂದಿಲ್ಲೋ," ಅಂದ ಅಂದಾನೆಪ್ಪ. "ಕೆಳಗಿನ ಹಾದೀಲೆ ಒಯ್ರಿ."

ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಗಂಗಪ್ಪ ಸತ್ತವನ ಜೊತೆಗಾರ. ಇಬ್ಬರೂ ಹೊಳೆಯ ದಂಡೆಯ ಆಫೀಸಿನಲ್ಲಿ ಖಲಾಸಿಗಳು. ಅವನು ತಲೆ ತಗ್ಗಿಸಿಯೇ ಕೇಳಿದ. "ಸಾವಕಾರ್ರ, ಕೆಳಗಿನ ಹಾದಿ ಎಲ್ಲಿ ಉಳದೈತ್ರಿ? ಡ್ಯಾಮಿನ ನೀರು ಏರಿ ಎಲ್ಲಾ ಹುದಲು ಆಗೈತಿ. ಬರೇ ಮನಷ್ಯಾನ ಸಿಕ್ಕೊಂತಾನ. ಹೆಣಾ ಹೊತ್ತು ಹೆಂಗ ಹೋಗೂದ್ರಿ?"

"ನಾ ಬ್ಯಾಡ ಅನ್ನಾಂವ ಅಲ್ಲ. ಅಕಿ ಮುಂದ ಹೆಣಾ ದಾಟಬಾರದು. ಅದೂ ನಿಮ್ಮ ಕೇರೀದು."

ಹೆಣ ಕಂಡರೆ ತನಗಾಗುವುದಿಲ್ಲ ಎಂದು ಹೊಳೆವ್ವ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಬಾಯಿ ಇರಲಿಲ್ಲ. ಬಾಯಿ ಅಂದಾನೆಪ್ಪನಿಗಿತ್ತು.

ಸಿದಿಗೆಯಲ್ಲಿ ಕಾಡಪ್ಪ ಕುಳಿತಿದ್ದ. ಬೆನ್ನಿಗೆ ಬಿದಿರು ಕೊಟ್ಟು ಬಿಗಿದಿದ್ದರು. ಕೈಗಳು ತೊಡೆಯ ಮೇಲೆ ಬಿಳಿ ಬಟ್ಟೆಯೊಳಗಿದ್ದವು. ಕಾಮಣಿ ಬೇನೆಯಲ್ಲಿ ಹಳದಿಯಾಗಿದ್ದ ಮುಖಕ್ಕೆ ವಿಭೂತಿ ಹಚ್ಚಿದ್ದರಿಂದ ಯಾರದೋ ಬೇರೆಯವರ ಮುಖದ ಹಾಗೆ ಕಾಣುತ್ತಿತ್ತು. ಅಂದಾನೆಪ್ಪನ ಹೊಲದಾಚೆ, ಹೊಳೆಯ ದಿಬ್ಬದ ಮೇಲೆ, ಕೇರಿಯವರ ಮಣ್ಣು. ಕಾಡಪ್ಪನ ಅಪ್ಪ ಅಲ್ಲಿದ್ದಾನೆ, ಅವ್ವ ಅಲ್ಲಿದ್ದಾಳೆ. ಅವರ ಮಗ್ಗುಲಲ್ಲಿ ಮುಂಜಾನೆಯೇ ಕುಣಿ ತೋಡಿ ಬಂದಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಹೊಸ್ತಿಲು ದಾಟಿದ ಹೆಣವನ್ನು ಮರಳಿ ಮನೆಗೆ ಒಯ್ಯುವ ಪದ್ಧತಿ ಇಲ್ಲ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಸಿದಿಗೆಯನ್ನು ಇಳಿಸಿದರು. ಹೆಂಡತಿ ಕೆಂಪವ್ವ ಗಂಡನ ಕಾಲ ಹತ್ತಿರ ನೆಲಕ್ಕೆ ಕುಳಿತಳು. ಆಗಲೂ ಅಳಲಿಲ್ಲ.

ಅವಳ ತಮ್ಮ ಶಟ್ಟೆಪ್ಪ ಮಾತ್ರ ಕೂಡಲಿಲ್ಲ. ಬೈಲಹೊಂಗಲದ ಪ್ಯಾಟಿಯಲ್ಲಿ ಹಮಾಲಿ ಮಾಡುವವನು. ಬೆಳಗಾವಿಯ ಸಭೆಗಳಿಗೆ ಹೋಗಿ ಬರುವವನು. ಊರಿಗೆ ಬಂದರೆ ಯಾರ ಮುಂದೆಯೂ ಕಾಲಿನ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಅದಕ್ಕೇ ಊರಿಗೆ ಬರುವುದನ್ನೇ ಕಡಿಮೆ ಮಾಡಿದ್ದ. ಅವನು ಧೋತರ ಮೇಲಕ್ಕೆ ಕಟ್ಟಿ, ಕೆಳಗಿನ ಹಾದಿ ನೋಡಿ ಬರುತ್ತೇನೆಂದು ಇಳಿದ. ಎಲ್ಲರೂ ನೋಡುತ್ತಿದ್ದರು. ಮೇಲೆ ಒಣಗಿ ಬಿರಿದಂತೆ ಕಾಣುವ ಬೂದು ಬಯಲು. ನಡುವೆ ಹೋದವನು ಮೊಣಕಾಲಿಗೆ ಹೂತ, ಇನ್ನೊಂದು ಹೆಜ್ಜೆಗೆ ತೊಡೆಗೆ. ಕಾಲು ಕೀಳಲು ಹೋದಷ್ಟೂ ಕೆಳಗಿಳಿದ. ಕೊನೆಗೆ ಗಂಗಪ್ಪ ಹಗ್ಗ ಎಸೆದು ಎಳೆಯಬೇಕಾಯಿತು.

"ಇದನ್ನ ಕಾಡಪ್ಪ ಹೇಳತಿದ್ದ," ಅಂದ ಗಂಗಪ್ಪ, ಹಗ್ಗ ಸುತ್ತುತ್ತ. "ಹೊಳಿ ಖಾನಾಪುರದ ಅಡವಿಯಿಂದ ಹೊತಗೊಂಡು ಬರತೈತಿ. ಡ್ಯಾಮಿನ ನಿಂತ ನೀರು ಮುಟ್ಟಿದ ಕೂಡ್ಲೆ ದಣದು ಎಲ್ಲಾ ಕೆಳಗಿಡತೈತಿ. ಮೊದಲ ಕಲ್ಲು, ಆಮ್ಯಾಲ ಮರಳು, ಕಡೀಗೆ ಈ ರಾಡಿ."

ಶಟ್ಟೆಪ್ಪ ಬದುವಿನ ಮೇಲೆ ಬಂದು ನಿಂತ. ತೊಡೆಯಿಂದ ಕೆಸರು ಸುರಿಯುತ್ತಿತ್ತು. ಚಕ್ಕಡಿಯ ಮೇಲಿನವನು ಅಡಕೆ ಕತ್ತರಿಸುತ್ತಿದ್ದ.

*

ಇದಕ್ಕೆ ಕೆಲವು ವರ್ಷ ಹಿಂದೆ, ನವಿಲುತೀರ್ಥದ ಆಣೆಕಟ್ಟಿನಲ್ಲಿ ಇನ್ನೂ ಪೂರಾ ನೀರು ನಿಲ್ಲಿಸಿರಲಿಲ್ಲ. ನೀರಾವರಿ ಆಫೀಸಿನವರು ಮೇಲಿನ ದಂಡೆಗೆ ಬಂದು ತಗಡಿನ ಕೋಣೆ ಹಾಕಿದರು. ಮಲಪ್ರಭೆ ತನ್ನ ಜೊತೆ ಎಷ್ಟು ಹೂಳು ತರುತ್ತದೆ, ಆಣೆಕಟ್ಟಿನ ಹೊಟ್ಟೆ ಎಷ್ಟು ಕಾಲಕ್ಕೆ ತುಂಬುತ್ತದೆ, ಅದರ ಅಂದಾಜು ಅವರಿಗೆ ಬೇಕಿತ್ತು. ನೀರಿನಲ್ಲಿ ಕದಡಿದ ಮಣ್ಣನ್ನು ಬಾಟಲಿಯಲ್ಲಿ ಹಿಡಿದು, ಸೋಸಿ, ಒಣಗಿಸಿ ತೂಗಬಹುದು. ತಳದಲ್ಲಿ ಉರುಳುತ್ತ ಹೋಗುವ ಕಲ್ಲು ಬಾಟಲಿಗೆ ಸಿಗುವುದಿಲ್ಲ. ಅದಕ್ಕೆ ಬಣ್ಣದ ಉಪಾಯ. ಬ್ಯಾಸಗಿಯಲ್ಲಿ ಹೊಳೆಯ ಕಲ್ಲುಗಳನ್ನೇ ಆರಿಸಿ, ತೂಗಿ, ಕೆಂಪು ಬಣ್ಣ ಬಳಿದು, ಹೊಳೆಗೆ ಅಡ್ಡಲಾಗಿ ಸಾಲು ಹಚ್ಚಿ ಇಡುವುದು. ಮಳೆಗಾಲ ಮುಗಿದ ಮೇಲೆ ಯಾವುದು ಎಲ್ಲಿಗೆ ಹೋಗಿದೆ ಎಂದು ದಂಡೆ ಹಿಡಿದು ಹುಡುಕುತ್ತ ಇಳಿಯುವುದು.

ಆರಿಸುವವನೂ ಬಳಿಯುವವನೂ ಕಾಡಪ್ಪ. ಕಲ್ಲನ್ನು ಅಂಗೈಯಲ್ಲಿ ತಿರುಗಿಸಿ, ಇದು ಉರುಳುತ್ತದೆ, ಇದು ಕುಂತಲ್ಲೇ ಕೂಡುತ್ತದೆ ಎಂದು ಹೇಳುತ್ತಿದ್ದ. ಅರ್ಧ ಸುಳ್ಳಾಗುತ್ತಿತ್ತು. ಸುಳ್ಳಾದರೆ ಅವನೇ ಹೆಚ್ಚು ನಗುತ್ತಿದ್ದ.

ಕೆಂಪವ್ವ ಮಧ್ಯಾಹ್ನ ಬುತ್ತಿ ತಂದಾಗ ದಂಡೆಯ ತುಂಬ ಕೆಂಪು ಕಲ್ಲು ಒಣಗುತ್ತಿದ್ದವು. ಅವಳು ಒಮ್ಮೆ ಕೇಳಿದ್ದಳು, ಇದೆಂಥಾ ನೌಕರಿ ಎಂದು.

"ಹೆಣ್ಣು ಹಡದವರ ನೌಕರಿ," ಅಂದಿದ್ದ ಕಾಡಪ್ಪ. "ಕುಂಕುಮ ಹಚ್ಚಿ ಗಂಡನ ಮನೀಗೆ ಕಳಸೂದು. ಮಳಿ ಹೋದಮ್ಯಾಲ ಹುಡಿಕ್ಯಾಡಿ ಹೋಗಿ, ಆರಾಮ ಅದೀಯೇನವಾ ಅಂತ ಕೇಳಿ ಬರೂದು."

ಅವರಿಗೆ ಮಕ್ಕಳಾಗಿರಲಿಲ್ಲ. ಅವಳು ನಗಲಿಲ್ಲ. ಸ್ವಲ್ಪ ಹೊತ್ತಿಗೆ ನಕ್ಕಳು.

ಆ ಹೊತ್ತಿಗಾಗಲೇ ಅವನ ಬಲಗೈಯ ನಡುಬೆರಳು ಮೋಟಾಗಿತ್ತು. ನೀರು ಅಳೆಯಲು ಹೊಳೆಯ ಮೇಲೆ ಕಟ್ಟಿದ ತಂತಿಯ ಗಾಲಿಗೆ ಸಿಕ್ಕು ಮೇಲಿನ ಗೆಣ್ಣು ಹೋಗಿತ್ತು. ಊಟ ಮಾಡುವಾಗ ಅನ್ನ ಆ ಸಂದಿನಲ್ಲೇ ಜಾರುತ್ತಿತ್ತು.

ಆ ವರ್ಷದ ಕಲ್ಲುಗಳಲ್ಲೆಲ್ಲ ದೊಡ್ಡದು ತೆಂಗಿನಕಾಯಿಗಿಂತ ಒಂದಿಷ್ಟು ದಪ್ಪ, ಕುಳಿತ ಹೆಂಗಸಿನ ಹಾಗೆ ಕೆಳಗೆ ಅಗಲ. ಬೆನ್ನಿಗೊಂದು ತಗ್ಗು. ಬಣ್ಣ ಹಸಿ ಇರುವಾಗಲೇ ಮೋಡ ಕವಿಯಿತೆಂದು ಕಾಡಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ತಗಡಿನ ಕೆಳಗಿಟ್ಟ. ಬಲಗೈಯ ಬೆರಳು ಬೆನ್ನಿನ ತಗ್ಗಿನಲ್ಲಿ ಮೂಡಿಬಿಟ್ಟವು. ಬಣ್ಣ ಬಿಟ್ಟು ಬರಿಗಲ್ಲು ಕಂಡಿತು. ಮತ್ತೊಮ್ಮೆ ಬಳಿ ಎಂದು ಗಂಗಪ್ಪ ಹೇಳಿದ. ಹೆಂಗೂ ಹೊಳಿಗೆ ಹೋಗೂದು, ಯಾರು ನೋಡತಾರ ಅಂದು ಕಾಡಪ್ಪ ಬಿಟ್ಟುಬಿಟ್ಟ.

*

ಹೊತ್ತು ಪಡುವಣಕ್ಕೆ ವಾಲುತ್ತಿತ್ತು. ಮಣ್ಣಿಗೆ ಬಂದ ಬೀಗರಲ್ಲಿ ಕೆಲವರು ಕೊನೆಯ ಬಸ್ಸಿನ ಚಿಂತೆಯಲ್ಲಿ ಹಾದಿ ನೋಡತೊಡಗಿದ್ದರು. ರಾಮದುರ್ಗದಿಂದ ಬಂದ ಒಬ್ಬ ಮುದುಕ, ಇಲ್ಲೇ ಬದುವಿನ ಕೆಳಗೆ ಎಲ್ಲಾದರೂ ಮಣ್ಣು ಕೊಟ್ಟರಾಯಿತು ಅಂದ. ಬದುವಿನ ಕೆಳಗೂ ಅಂದಾನೆಪ್ಪನದೇ ಹೊಲ ಎಂದು ಯಾರೋ ಹೇಳಿದ ಮೇಲೆ ಸುಮ್ಮನಾದ.

ಗಂಗಪ್ಪ ತಡೆಯಲಾರದೆ ಶಟ್ಟೆಪ್ಪನನ್ನು ಬಾರಿ ಗಿಡದ ಮರೆಗೆ ಕರೆದ. ಬೀಡಿ ಹಚ್ಚಿದ. ಎರಡು ಸಲ ಆರಿತು.

"ನಿಮ್ಮ ಮಾವ ಕಾಡಪ್ಪ, ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣೀ ಹಾಕಿಸಿಕೊಂಡಿದ್ದ," ಅಂದ. "ಈಗ ಅಂವನ ಇಲ್ಲ. ಆ ಕಟ್ಟೀ ಮ್ಯಾಲಿನ ಕಲ್ಲು ಐತೆಲ್ಲಾ, ಅದು ನಮ್ಮ ಆಫೀಸಿಂದು."

ಶಟ್ಟೆಪ್ಪ ಅವನ ಮುಖ ನೋಡಿದ.

"ಕಾಡಪ್ಪ ಬಣ್ಣಾ ಹಚ್ಚಿದ್ದು. ನನ್ನ ಕಣ್ಣ ಮುಂದ."

*

ಆ ವರ್ಷ ಹೊಳೆ ದೊಡ್ಡದಾಗಿ ಬಂದಿತ್ತು. ನೀರಿಳಿದ ಮೇಲೆ ಅಂದಾನೆಪ್ಪನ ತಾಯಿ ಗುರವ್ವ ದಂಡೆಗೆ ಹೋದಾಗ ಹೊಸ ಮರಳಿನ ಮೇಲೆ ಕೆಂಪು ಕಲ್ಲೊಂದು ಕುಳಿತಿತ್ತು. ಶುಕ್ರವಾರ ಬೇರೆ. ಹೊಳೆ ತಾನಾಗಿ ಎತ್ತಿ ತಂದು ತಮ್ಮ ಹೊಲದ ದಂಡೆಗಿಟ್ಟ ತಾಯಿ ಎಂದು ಮುದುಕಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬೆನ್ನಿನ ತಗ್ಗಿನಲ್ಲಿ ಬೆರಳ ಗುರುತು ಬೇರೆ ಇದ್ದವಲ್ಲ. ಮೂರು ಉದ್ದ, ನಡುವೆ ಒಂದು ಗಿಡ್ಡ. ಹೊಳೆವ್ವನದೇ ಕೈ ಎಂದು ಊರು ನಂಬಿತು. ನಡುಬೆರಳು ಯಾಕೆ ಗಿಡ್ಡ ಎಂದು ಕೇಳಿದವರಿಗೆ, ಡ್ಯಾಮಿನ ಗ್ವಾಡಿ ಕಟ್ಟುವಾಗ ಹೊಳೆವ್ವನ ಬೆರಳು ಸಿಕ್ಕು ಮುರಿದದ್ದು ಎಂದು ಯಾರೋ ಹೇಳಿದರು. ಅದೂ ನಿಂತಿತು. ಕಟ್ಟೆ ಎದ್ದಿತು. ಕಟ್ಟೆಯ ಸುತ್ತ ಹಗ್ಗ ಬಂತು, ಕೇರಿಯವರು ಹಗ್ಗದಾಚೆ ನಿಂತು ಕೈಮುಗಿಯಬೇಕೆಂದು.

ಕಲ್ಲು ಹುಡುಕುತ್ತ ಬಂದ ಕಾಡಪ್ಪ, ಗಂಗಪ್ಪ ಅದೇ ಹಗ್ಗದಾಚೆ ನಿಂತು ನೋಡಿದ್ದರು. ಗಂಗಪ್ಪ ನಗು ತಡೆಯಲಿಕ್ಕಾಗದೆ ಜೋಳದ ಹೊಲಕ್ಕೆ ನುಗ್ಗಿ ಬಾಯಿಗೆ ರುಮಾಲು ತುರುಕಿಕೊಂಡಿದ್ದ. ತಿರುಗಿ ಬಂದಾಗ ಕಾಡಪ್ಪ ಇನ್ನೂ ಅಲ್ಲೇ ನಿಂತಿದ್ದ. ಕಾಲ್ಮರಿ ಕೈಯಲ್ಲಿತ್ತು.

ಆಫೀಸಿನಲ್ಲಿ ದೊಡ್ಡ ಕಲ್ಲು ಸಿಗಲಿಲ್ಲ ಎಂದು ಹೇಳಿದರು. ಮರಳೊಳಗೆ ಹೂತಿರಬೇಕೆಂದು ಸಾಹೇಬರು ಬಿಟ್ಟರು.

ಆ ದಿನ ಕಾಡಪ್ಪ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಮಾತ್ರ ಇದ್ದದ್ದನ್ನು ಹೇಳಿದ. ಕೆಂಪವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಇದು ಹೊರಗೆ ಬಿದ್ದರೆ ತಮ್ಮ ದೇವರನ್ನು ಮೈಲಿಗೆ ಮಾಡಿದಿರಿ ಅನ್ನುತ್ತಾರೆ, ಕಲ್ಲು ತಂದವರನ್ನು ಯಾರೂ ಕೇಳುವುದಿಲ್ಲ, ಬಣ್ಣ ಹಚ್ಚಿದವನನ್ನು ಹುಡುಕುತ್ತಾರೆ ಅಂದಳು. ಅವನು ಅದಕ್ಕೆ ಹೂಂ ಅಂದ.

ಆಮೇಲೆ ದಿನಾ ಕೆಲಸಕ್ಕೆ ಹೋಗುವಾಗ ಆ ಹಾದಿಯಲ್ಲೇ ಹೋಗುತ್ತಿದ್ದ. ಹಗ್ಗದ ಹತ್ತಿರ ಬಂದಾಗ ಹೆಜ್ಜೆ ಸಣ್ಣದಾಗುತ್ತಿತ್ತು. ಊರವರು ಅವನ ಭಕ್ತಿ ಮೆಚ್ಚಿದ್ದರು. ತುಟಿಯೊಳಗೆ ಅವನು ಏನು ಕೇಳುತ್ತಿದ್ದ ಎಂಬುದು ಕೆಂಪವ್ವನಿಗೊಬ್ಬಳಿಗೇ ಗೊತ್ತಿತ್ತು.

*

ಶಟ್ಟೆಪ್ಪ ಬಾರಿ ಗಿಡದಿಂದ ನೆಟ್ಟಗೆ ಚಕ್ಕಡಿಯ ಕಡೆ ನಡೆದ. ಮುಖ ನೋಡಿಯೇ ಕೆಂಪವ್ವನಿಗೆ ತಿಳಿಯಿತು. ಎದ್ದು ಬಂದು ಅವನ ಅಂಗಿ ಹಿಡಿದಳು.

"ಬಿಡು ಅಕ್ಕಾ. ಅವರ ದೇವರ ಮೈಮ್ಯಾಲ ಯಾರ ಕೈ ಐತಿ ಅಂತ ಊರಿಗೆಲ್ಲಾ ಕೇಳೂ ಹಂಗ ಹೇಳತೇನಿ."

"ಹೇಳು. ಹೇಳಿ ಬೈಲಹೊಂಗಲದ ಬಸ್ ಹತ್ತು. ರಾತ್ರಿ ಕೇರಿಗೆ ಬೆಂಕಿ ಬಿದ್ದರ ನಾವು ಆರಸ್ತೇವಿ."

"ಹಂಗಾರ ಮಾವನ್ನ ಇಲ್ಲೇ ಕೊಳಸ್ತೀ ಏನ?"

ಅವಳು ಅಂಗಿ ಬಿಡಲಿಲ್ಲ. ಅವನು ಹಲ್ಲು ಕಚ್ಚಿ ನಿಂತ. ತಮ್ಮನಾದವನ ಸಿಟ್ಟು ಅವಳಿಗೆ ಸುಳ್ಳಾಗಿ ಕಂಡಿರಲಿಲ್ಲ. ಅವಳ ಎದೆಯಲ್ಲೂ ಅದೇ ಇತ್ತು, ಕಲ್ಲಿನ ಹಾಗೆ ತಳಕ್ಕೆ ಕುಳಿತಿತ್ತು. ಅವಳು ಅವನ ಹೆಗಲ ಮೇಲಿಂದ ಬನ್ನಿಯ ಕಟ್ಟೆಯ ಕಡೆ ನೋಡುತ್ತಿದ್ದಳು. ಅಲ್ಲಿ ಗುರವ್ವ ಚೆಂಡುಹೂ ಪೋಣಿಸುತ್ತ ಕುಳಿತಿದ್ದಳು. ಇಷ್ಟು ಹೊತ್ತೂ ಈ ಕಡೆ ಕತ್ತು ತಿರುಗಿಸಿರಲಿಲ್ಲ.

ಕೆಂಪವ್ವ ಹಗ್ಗದ ಹತ್ತಿರ ಹೋಗಿ ನಿಂತಳು. ಸೆರಗು ಹೊದ್ದಳು.

"ಅವ್ವಾರ."

ಮುದುಕಿ ಸೂಜಿ ನಿಲ್ಲಿಸಿದಳು.

"ಸಣ್ಣಾಂವ ಇದ್ದಾಗ ನಿಮ್ಮ ಎಮ್ಮಿ ಕಾದಾನ. ನಿಮ್ಮ ಮನಿ ಮಜ್ಜಿಗಿ ಕುಡದ ಬೆಳದಾನ. ಕಡೀ ಸಲ ಮಾರಿ ನೋಡಿ ಕಳಸ್ರಿ."

ಹಾದಿ ಬಿಡಿ ಎಂದು ಅವಳು ಕೇಳಲಿಲ್ಲ. ಮುಖ ನೋಡಿ ಎಂದು ಕೇಳಿದ್ದಕ್ಕೆ ಇಲ್ಲ ಅನ್ನುವುದು ಆ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ. ಗುರವ್ವ ಮಗನ ಕಡೆ ನೋಡಿದಳು. ಅಂದಾನೆಪ್ಪ ಅಡಕೆ ಉಗುಳಿ, ನೋಡಿ ಬಾ, ಹತ್ತಿರ ಹೋಗಬೇಡ ಅಂದ. ಅವಳು ಕೋಲೂರಿ ಇಳಿದು ಬಂದಳು. ಸಿದಿಗೆಯಿಂದ ಒಂದು ಮಾರು ದೂರ ನಿಂತಳು. ಬಡವಾದಿಯೋ ಕಾಡ್ಯಾ, ಅಂದಳು ಮೆಲ್ಲಗೆ.

ಕೆಂಪವ್ವ ಗಂಡನ ಮುಂದೆ ಬಾಗಿದಳು. ಬಿಳಿ ಬಟ್ಟೆ ಸರಿಸಿದಳು. ಸೆಟೆದ ಕೈಗಳು ಸುಲಭಕ್ಕೆ ಬರಲಿಲ್ಲ. ಎಡಗೈ ಬಿಟ್ಟಳು. ಬಲಗೈ ಒಂದನ್ನೇ ಎರಡೂ ಕೈಯಲ್ಲಿ ಹಿಡಿದು ಅವನ ಎದೆಯ ಮಟ್ಟಕ್ಕೆ ಎತ್ತಿದಳು. ಸತ್ತವನು ಗುರವ್ವನಿಗೆ ಕೈಯೆತ್ತಿ ಶರಣು ಅನ್ನುತ್ತಿದ್ದಾನೆಂದು ಎಲ್ಲರೂ ತಿಳಿದರು. ಅಂದಾನೆಪ್ಪನೂ ಹಾಗೇ ತಿಳಿದ. ಶಟ್ಟೆಪ್ಪ ಮುಖ ತಿರುಗಿಸಿದ.

ಬೆರಳುಗಳು ಮುದುಕಿಯ ಕಣ್ಣ ಮುಂದಿದ್ದವು. ಮೂರು ಉದ್ದ. ನಡುವೆ ಒಂದು ಮೋಟ.

ಗುರವ್ವ ನೋಡಿದಳು. ಹುಡುಗನಿದ್ದಾಗ ಈ ಕೈ ಬೊಗಸೆ ಮಾಡಿ ನಿಲ್ಲುತ್ತಿತ್ತು. ಅವಳು ಚರಿಗೆ ಮೇಲಕ್ಕೆತ್ತಿ, ಮುಟ್ಟದ ಹಾಗೆ, ದೂರದಿಂದ ಮಜ್ಜಿಗೆ ಹೊಯ್ಯುತ್ತಿದ್ದಳು. ಬೆರಳು ಯಾವಾಗ ಹೋಯಿತೋ ಅವಳಿಗೆ ಗೊತ್ತಿರಲಿಲ್ಲ. ಅದರ ಅಳತೆ ಮಾತ್ರ ಗೊತ್ತಿತ್ತು. ಹೊಳೆವ್ವನಿಗೆ ನೀರು ಹಾಕುವಾಗ ಕಲ್ಲು ಜಾರಬಾರದೆಂದು ಅವಳು ದಿನಾ ಬೆನ್ನಿನ ತಗ್ಗಿನಲ್ಲಿ ಬೆರಳಿಟ್ಟು ಹಿಡಿಯುತ್ತಿದ್ದಳು. ಕೋಲಿನ ಮೇಲಿದ್ದ ಅವಳ ಬಲಗೈ ಸಡಿಲವಾಯಿತು. ನಡುಬೆರಳು ತಾನೇ ಮಡಚಿತು, ದಿನಾ ಮಡಚುವ ಹಾಗೆ.

ಅವಳು ಕೆಂಪವ್ವನ ಮುಖ ನೋಡಿದಳು. ಕೆಂಪವ್ವ ಕಣ್ಣು ತಗ್ಗಿಸಲಿಲ್ಲ. ಹೊಳೆಯ ಕಡೆಯಿಂದ ಹಸಿ ಕೆಸರಿನ ವಾಸನೆ ಬರುತ್ತಿತ್ತು.

"ಅಂದಾನಿ, ಚಕ್ಕಡಿ ಸರಸು."

"ಅವ್ವಾ, ಅಕಿ ಮುಂದ ಹೆಣಾ—"

"ಅಕಿ ಮಾತು ನನಗ ಗೊತ್ತೈತಿ. ಸರಸು."

ಅಂದಾನೆಪ್ಪ ತಾಯಿಯನ್ನೂ ಕೇರಿಯವರನ್ನೂ ನೋಡಿದ. ಕಟ್ಟೆ ಅವನು ಕಟ್ಟಿಸಿದ್ದು, ಆದರೆ ದೇವರು ತಾಯಿಯ ಸೆರಗಿನಲ್ಲಿ ಬಂದದ್ದು. ಅವಳ ಮಾತು ಮೀರಿದರೆ ನಾಳೆ ಹೊಳೆವ್ವನ ಹೆಸರಿನಲ್ಲಿ ತಾನು ಮಾತಾಡುವುದು ಹೇಗೆ? ಗಾಲಿಯ ಕಲ್ಲನ್ನು ಕಾಲಿನಿಂದ ಒದ್ದ. ಆಳು ನೊಗ ಎತ್ತಿದ. ಹಲಗೆ ಬಾರಿಸಬೇಡಿ ಎಂದು ಮಾತ್ರ ಹೇಳಿದ.

ಸಿದಿಗೆ ಎದ್ದಿತು. ಹಲಗೆಯಿಲ್ಲದೆ, ಬರೀ ಕಾಲ ಸಪ್ಪಳದಲ್ಲಿ, ಅವರು ಕಟ್ಟೆಯ ಮುಂದೆ ಹಾದರು. ಸೊಂಟದ ಮಟ್ಟದ ಹಗ್ಗಕ್ಕೆ ಹೊತ್ತವರ ಮೈ ತಗುಲಿ ಹಗ್ಗ ಕಳಚಿ ಬಿತ್ತು. ಯಾರೂ ಎತ್ತಿ ಕಟ್ಟಲಿಲ್ಲ. ಈಗ ಮುಂದೆ ಹೆಗಲು ಕೊಟ್ಟಿದ್ದ ಶಟ್ಟೆಪ್ಪ ಅದನ್ನು ತುಳಿದೇ ನಡೆದ. ಕಲ್ಲಿನ ಎದುರಿಗೆ ಬಂದಾಗ ಕೆಂಪವ್ವ ಒಂದು ಗಳಿಗೆ ಹಿಂದೆ ಉಳಿದಳು. ಅವಳ ತುಟಿ ಅಲುಗಿದವು. ದೇವರಿಗೆ ಬೇಡಿಕೊಂಡಳೆಂದು ಬೀಗರು ತಿಳಿದರು. ಗಂಡ ದಿನಾ ಕೇಳುತ್ತಿದ್ದುದನ್ನು, ಆರಾಮ ಅದೀಯೇನವಾ ಎಂಬುದನ್ನು, ಇವತ್ತು ಅವನ ಪರವಾಗಿ ಕೇಳಿದ್ದಳು.

*

ಕಾಡಪ್ಪನನ್ನು ಅಪ್ಪನ ಮಗ್ಗುಲಿಗೆ ಕುಳ್ಳಿರಿಸಿದರು. ದಿಬ್ಬದ ಮಣ್ಣು ಗಟ್ಟಿಯಿತ್ತು, ಸಣ್ಣ ಸಣ್ಣ ಗುಂಡುಗಲ್ಲು ಕೂಡಿದ್ದು. ಎಂದೋ ಹೊಳೆ ಇಲ್ಲಿಯೂ ಹರಿದಿತ್ತು. ಗಂಗಪ್ಪ ಹಿಡಿಮಣ್ಣು ಹಾಕುವ ಮೊದಲು ಅದರಲ್ಲಿದ್ದ ಒಂದು ಕಲ್ಲನ್ನು ಆರಿಸಿ, ಅಂಗೈಯಲ್ಲಿ ತೂಗಿ ನೋಡಿ, ಗೆಳೆಯನ ಮಡಿಲಲ್ಲಿಟ್ಟ. ಕೆಂಪವ್ವ ಆಗ ಅತ್ತಳು. ಶಟ್ಟೆಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟು, ಅವಳು ಮುಗಿಸುವ ತನಕ ತೆಗೆಯಲಿಲ್ಲ.

ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಒಬ್ಬರ ಹಿಂದೊಬ್ಬರು ಬದುವಿನ ಮೇಲೆ ತಿರುಗಿದರು. ಹೊತ್ತು ಮುಳುಗುವುದಕ್ಕಿತ್ತು. ಅಂದಾನೆಪ್ಪ ಇವರು ದಾಟುವುದನ್ನೇ ಕಾಯುತ್ತ ಸೆಗಣಿ ನೀರಿನ ಕೊಡ ಹಿಡಿದು ನಿಂತಿದ್ದ. ಕೊನೆಯವಳಾದ ಕೆಂಪವ್ವನ ಹಿಮ್ಮಡಿಯ ಹಿಂದೆಯೇ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸುತ್ತ ಬಂದ. ಹನಿಗಳು ಅವಳ ಸೀರೆಯ ಅಂಚಿಗೂ ಸಿಡಿದವು. ಶಟ್ಟೆಪ್ಪ ತಿರುಗಿ ನಿಂತ. ಅವಳು ಅವನನ್ನು ಮುಂದಕ್ಕೆ ನೂಕಿದಳು.

ಹೋಗುವಾಗ ಹೊಳೆವ್ವನ ಮುಖ ಕಂಡಿತ್ತು. ಬರುವಾಗ ಬೆನ್ನು ಕಾಣುತ್ತದೆ. ಕೆಂಪವ್ವ ಅದನ್ನು ಎಂದೂ ನೋಡಿದವಳಲ್ಲ. ಗುರವ್ವ ಕಟ್ಟೆಯ ಹಿಂಬದಿಗೆ ಕಾಲು ಮಡಚಿ ಕುಳಿತಿದ್ದಳು. ಮಗ್ಗುಲಲ್ಲಿ ತೆಂಗಿನ ಕರಟ, ಅದರಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ಮಾಸಿದ ಕಲ್ಲಿಗೆ ಹೊಸದಾಗಿ ಹಚ್ಚುತ್ತಿದ್ದಳು. ಎಡಗೈ ಕಲ್ಲಿನ ನೆತ್ತಿಯ ಮೇಲಿತ್ತು. ಬಲಗೈಯ ಕಿರುಬೆರಳು ಮಾತ್ರ ಕುಂಕುಮದಲ್ಲಿ ಅದ್ದಿ, ಉಸಿರು ಹಿಡಿದು, ತಗ್ಗಿನ ಅಂಚು ಅಂಚಿಗೆ ಎಳೆಯುತ್ತಿದ್ದಳು. ಒಂದು ಹನಿ ಒಳಗಿಳಿಯಿತು. ಸೆರಗಿನ ತುದಿಯಿಂದ ಅದನ್ನು ಒತ್ತಿ ತೆಗೆದಳು.

ಸುತ್ತಲೂ ಹಸಿ ಕೆಂಪು. ನಡುವೆ ಬೂದು ಬಣ್ಣದ ಬರಿಗಲ್ಲು, ನಾಲ್ಕು ಬೆರಳು, ಅದರಲ್ಲೊಂದು ಮೋಟ.